ಲೀಲಾಬಾಯಿಯ ಏಕಾದಶಿ

ಚಿತ್ತಾಪುರದ ಆ ಹೈಸ್ಕೂಲಿನಲ್ಲಿ ಪೌರನೀತಿ ಎಂದರೆ ಲೀಲಾಬಾಯಿ, ಲೀಲಾಬಾಯಿ ಎಂದರೆ ಪೌರನೀತಿ. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಆಕೆ ಒಂದು ಹೊಸ ಪದ್ಧತಿ ತಂದಿದ್ದಳು. ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಬುತ್ತಿ ಬಿಚ್ಚಬೇಕು, ಪಕ್ಕದವರ ಬುತ್ತಿಯಿಂದ ಒಂದು ತುತ್ತಾದರೂ ತಿನ್ನಬೇಕು. ಗೊಣಗಿದ ತಂದೆ-ತಾಯಿಯರ ಮನೆಗೇ ಹೋಗಿ, "ಯಾರ ಮನಿ ರೊಟ್ಟಿ ಆದ್ರೂ ಜ್ವಾಳದ್ದೇ ಅಲ್ಲೇನ್ರಿ?" ಎಂದು ಬಾಯಿ ಮುಚ್ಚಿಸಿ ಬಂದಿದ್ದಳು.

ತಾನು ಮಾತ್ರ ಮನೆಯಲ್ಲೇ ಉಂಡು ಬಂದು ಸಾಲಿನ ಮುಂದೆ ಅಡ್ಡಾಡುತ್ತಿದ್ದಳು. ಮಡಿಯ ಮನೆತನ, ಹೊರಗೆ ಬೇಯಿಸಿದ್ದನ್ನು ಎಂದೂ ಮುಟ್ಟಿದವಳಲ್ಲ. ಹೇಳುವುದು ವೇದ, ಹಾಕುವುದು ಗಾಳ ಅಂತಾರಲ್ಲ, ಹಾಗೆ. ಇದು ಯಾರ ಗಮನಕ್ಕೂ ಬಂದಿರಲಿಲ್ಲ, ಆಕೆಯ ಗಮನಕ್ಕೂ.

ಆ ಶನಿವಾರ ಕಾಯಿಪಲ್ಯ ಮಾರುವ ಭೀಮಮ್ಮನ ಮಗಳು ಚಂದಮ್ಮ ಎದ್ದು ಬಂದಳು. ಅಂಗೈಯಲ್ಲಿ ರೊಟ್ಟಿ, ಮೇಲೆ ಪುಂಡಿಪಲ್ಯ.

"ಟೀಚರ್, ನೀವೂ ಒಂದ್ ತುತ್ತು ತಗೋರಿ. ಅವ್ವ ನಿಮಗಂತನೇ ಕೊಟ್ಟಾಳ್ರಿ."

ಲೀಲಾಬಾಯಿಯ ಕೈ ಮುಂದೆ ಬರಲಿಲ್ಲ, ಬಾಯಿ ಬಂತು. "ಇವತ್ತ ಏಕಾದಶಿ ಚಂದಮ್ಮ. ನನ್ನ ಉಪವಾಸ."

ಅವತ್ತು ಅಷ್ಟಮಿ.

ಚಂದಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸಾಲಿನ ಕಡೆ ತಿರುಗಿದಳು. "ಏ, ಎಲ್ಲಾರೂ ಬುತ್ತಿ ಕಟ್ಟ್ರಿ! ಟೀಚರ್ ಉಪವಾಸ ಅದಾರ. ಅವರ ಮುಂದ ಕುಂತು ಹೆಂಗ ತಿಂಬೋದು?"

ಇನ್ನೊಬ್ಬರ ನೇಮಕ್ಕೆ ಮರ್ಯಾದೆ ಕೊಡಬೇಕೆಂದು ಹಿಂದಿನ ತಿಂಗಳು ಪಾಠ ಮಾಡಿದ್ದು ಇದೇ ಲೀಲಾಬಾಯಿ. ಒಂದೊಂದಾಗಿ ನಲವತ್ತು ಬುತ್ತಿಗಳೂ ಕಟ್ಟಿಕೊಂಡವು. ನಾಲ್ಕು ಮೈಲಿ ನಡೆದು ಬರುವ ಅಂಬಾರಾಯ ಬಾಯಲ್ಲಿದ್ದ ತುತ್ತನ್ನು ಗಬಕ್ಕನೆ ನುಂಗಿ ಗಂಟು ಹಾಕಿದ.

"ನನಗೇನಿಲ್ಲ, ನೀವು ಉಣ್ರಿ," ಎಂದಳು ಲೀಲಾಬಾಯಿ.

"ಹಸಿವಿಲ್ರಿ ಟೀಚರ್!" ಎಂದವು ಮಕ್ಕಳು. ಏಕಾದಶಿ ಎಂದದ್ದು ಸುಳ್ಳು ಎಂದು ಆಕೆ ಒಪ್ಪಿಕೊಂಡಿದ್ದರೆ ಆ ಕ್ಷಣವೇ ಅವು ಉಣ್ಣುತ್ತಿದ್ದವು. ಆಕೆ ಸಾಲಿನ ಮುಂದೆ ಅಡ್ಡಾಡುತ್ತಲೇ ಇದ್ದಳು. ಗಂಟೆ ಹೊಡೆಯಿತು.

ಕೊನೆಯ ಪಿರಿಯಡ್ ಆಕೆಯದೇ. ಅಂಬಾರಾಯನ ಹೊಟ್ಟೆ ಗುರ್ರೆಂದಿತು, ಯಾರೂ ನಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಆಕೆಗೆ. ಶಾಲೆ ಬಿಟ್ಟಾಗ ಚಂದಮ್ಮನನ್ನು ಪಡಸಾಲೆಯಲ್ಲಿ ನಿಲ್ಲಿಸಿಕೊಂಡಳು.

"ಚಂದಮ್ಮ, ಇವತ್ತ ಏಕಾದಶಿ ಅಲ್ಲ."

"ಗೊತ್ತೈತ್ರಿ. ಮುಂಜಾನಿ ಬದನಿಕಾಯಿ ಕೊಡಾಕ ನಾನೇ ನಿಮ್ಮ ಮನಿಗೆ ಬಂದಿದ್ದೆನ್ರಿ. ನೀವು ಒಳಗ ಉಣ್ಣಾಕತ್ತಿದ್ರಿ."

"ಮತ್ತ ಎಲ್ಲಾರ ಬುತ್ತಿ ಯಾಕ ಕಟ್ಟಿಸಿದಿ?"

"ನೀವು ಉಪವಾಸ ಅಂದಿದ್ದ ಯಾರೂ ಸುಳ್ಳು ಅನಬಾರದಲ್ರಿ. ಸುಳ್ಳಂತ ಗೊತ್ತಾದ್ರ ಮುಂದಿನ ಶನಿವಾರದಿಂದ ಸಾಲಿನಾಗ ಯಾರೂ ನನ್ನ ರೊಟ್ಟಿ ಮುಟ್ಟಂಗಿಲ್ರಿ. ಟೀಚರೇ ತಗೊಳ್ಳಿಲ್ಲ ಅಂತಾರ."

ಲೀಲಾಬಾಯಿಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು, ತಡೆಯಲಾಗಲಿಲ್ಲ. ಎರಡೂ ಕೈ ಒಡ್ಡಿದಳು. "ಈಗ ಕೊಡವ್ವ. ತಿಂತೀನಿ."

ಚಂದಮ್ಮ ಬುತ್ತಿಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಇಲ್ಲಿ ಯಾರೂ ಇಲ್ರಿ ಟೀಚರ್," ಎಂದಳು. "ಮುಂದಿನ ಶನಿವಾರ ತರ್ತೀನಿ. ಎಲ್ಲಾರ ಮುಂದ ತಿನ್ರಿ."