ಬೇಸಿಗೆಗೊಂದು ಸಂಸಾರ

ನಮ್ಮೂರಿನ ಮಾಳಿಗೆಗಳ ಮೇಲೆ ಒಂದು ಕಪ್ಪು ತಂತಿ ಹಾದುಹೋಗಿತ್ತು. ರುದ್ರಮುನಿಯ ಕೇಬಲ್ ಆಫೀಸಿನಿಂದ ಹೊರಟು, ಬೇವಿನ ಕೊಂಬೆಗೊಂದು ಸುತ್ತು ಹಾಕಿ, ಮನೆಯಿಂದ ಮನೆಗೆ ಜೋತಾಡುತ್ತ ಕೊನೆಯ ಓಣಿಯವರೆಗೂ ಅದು ಹೋಗುತ್ತಿತ್ತು. ಬೇಸಿಗೆ ಬಂತೆಂದರೆ ಹೆಂಗಸರು ಮಾಳಿಗೆಯಲ್ಲಿ ಸಂಡಿಗೆ ಹಾಕುವರು, ಒದ್ದೆ ಸೀರೆಗಳನ್ನು ಅದೇ ತಂತಿಯ ಮೇಲೆ ಹರವುವರು. ಸೀರೆಯ ಭಾರಕ್ಕೆ ತಂತಿ ಜಗ್ಗಿ ಮುಂದಿನ ಓಣಿಯ ಟಿ.ವಿ.ಗಳೆಲ್ಲ ಜರಜರ ಎನ್ನತೊಡಗುತ್ತಿದ್ದವು. ಆಗ ರುದ್ರಮುನಿ ಸೈಕಲ್ಲೇರಿ ಬಂದು, "ಯವ್ವಾ, ಸೀರಿ ತಗೀರಿ, ಅರ್ಧ ಊರಾಗ ಚಿತ್ರ ನಿಂತೈತಿ" ಎಂದು ಕೆಳಗಿನಿಂದ ಕೂಗುತ್ತಿದ್ದ. ಆ ಬೇಸಿಗೆಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಆ ಕೂಗು.

ನಾನಾಗ ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ರಜೆ ಬಿಟ್ಟ ಮರುದಿನವೇ ರುದ್ರಮುನಿ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ. ಅವನ ದುಃಖ ದೊಡ್ಡದಿತ್ತು.

"ಅಕ್ಕಾರ, ಗಂಡಸರು ಕ್ರಿಕೆಟ್ ಹಿಂದ ಬಿದ್ದಾರ. ಹೆಣ್ಮಕ್ಕಳು ಏನು ನೋಡಬೇಕ್ರೀ? ಬ್ಯಾಸಗಿ ಬಂತಂದ್ರ ದೊಡ್ಡ ಚಾನೆಲ್ಲಿನವರು ಹೋದ ವರ್ಷದ್ದನ್ನ ಬಿಸಿ ಮಾಡಿ ಬಡಸ್ತಾರ. ನಮ್ಮ ಚಾನೆಲ್ಲಿಗೆ ನಾವ ಒಂದು ಹೊಸಾ ಸೀರಿಯಲ್ ಮಾಡೂಣು. ಸಾಲಿ ಹೆಂಗೂ ಸೂಟಿ ಐತಿ. ನೀವು ಬರೀರಿ."

ನಾನು ಬರೆದಿದ್ದೆಂದರೆ ಪಾಠದ ಟಿಪ್ಪಣಿ ಮಾತ್ರ. ಆದರೂ ಒಳಗೊಳಗೇ ಆಸೆ ಚಿಗುರಿತು. ರುದ್ರಮುನಿಯ ಬಳಿ ಮದುವೆಗಳನ್ನು ಚಿತ್ರಿಸುವ ಕ್ಯಾಮೆರಾ ಇತ್ತು. ಬೆಳಿಗ್ಗೆ ಅದು ಯಾರದೋ ಅಕ್ಷತೆ ಮುಗಿಸಿ ಬಂದರೆ ಮಧ್ಯಾಹ್ನ ನಮ್ಮ ಧಾರಾವಾಹಿಗೆ ಬಿಡುವಾಗುತ್ತಿತ್ತು. ಮುಚ್ಚಿದ ಶಾಲೆಯ ಒಂದು ಕೋಣೆಯೇ ಕಥಾನಾಯಕಿಯ ಮನೆ. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದೆವು, ಕರಿಹಲಗೆಗೆ ಸೀರೆ ಹೊದಿಸಿದೆವು. ಗಾಳಿಗೆ ಸೀರೆ ಸರಿದಾಗ ನಾಯಕಿಯ ತಲೆಯ ಹಿಂದೆ ಏಳರ ಮಗ್ಗಿ ಕಾಣಿಸಿದ್ದೂ ಉಂಟು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ನಾಯಕನಾಗಿ ಬಂದವನು ಫ್ಯಾನು, ಕೂಲರ್ ಮಾರುವ ಪಂಪಣ್ಣ. ಖರ್ಚು ಅವನದೇ ಆಗಿದ್ದರಿಂದ ಅವನ ಮೀಸೆಯ ಬಗ್ಗೆಯಾಗಲಿ, ಪ್ರತಿ ದೃಶ್ಯದಲ್ಲೂ ನಿಂತಿರುತ್ತಿದ್ದ ಅವನ ಅಂಗಡಿಯ ಕೂಲರಿನ ಬಗ್ಗೆಯಾಗಲಿ ನಾವು ಮಾತೆತ್ತುವಂತಿರಲಿಲ್ಲ.

ಕತೆಯ ವಿಷಯದಲ್ಲಿ ರುದ್ರಮುನಿಯ ಹಟ ಒಂದೇ: ಕೊನೆಯಲ್ಲಿ ನಾಯಕಿ ಸುಮಿತ್ರೆಯ ಗಂಡ ಸಾಯಬೇಕು. "ಹೆಣ್ಮಕ್ಕಳು ಅಳಬೇಕ್ರೀ ಅಕ್ಕಾರ. ಅಳಲಾರದ ಸೀರಿಯಲ್ಲು ಉಪ್ಪಿಲ್ಲದ ಸಾರು."

ಇದೇ ನಮಗೆ ಮುಳುವಾಯಿತು. ಪಾರ್ಟು ಮಾಡಲು ಓಡೋಡಿ ಬಂದ ಹೆಂಗಸರೆಲ್ಲ ಗಂಡ ಸಾಯುತ್ತಾನೆಂದು ಕೇಳಿದೊಡನೆ ಸೆರಗು ಬಿಗಿದು ಹೊರಟುಹೋದರು. "ನನ್ನ ಕುಂಕುಮ ಗಟ್ಟಿ ಇರ್ಲಿ ಅಂತ ದಿನಾ ದೇವರಿಗೆ ಕೈ ಮುಗಿಯಾಕಿ ನಾನು. ಟಿ.ವಿ.ಯಾಗ ಊರ ಮುಂದ ಒರಿಸ್ಕೊಳ್ಳಲೇನು?" ಎಂದು ಒಬ್ಬಳು ನನ್ನನ್ನೇ ಗದರಿಸಿದಳು. ಮದುವೆಯಾಗದ ಹುಡುಗಿಯರ ತಾಯಂದಿರಂತೂ ಮಗಳ ಹೆಸರು ಹೇಳುತ್ತಲೇ ಬಾಗಿಲು ಹಾಕಿಕೊಂಡರು. ರುದ್ರಮುನಿ ತಲೆಯ ಮೇಲೆ ಕೈ ಹೊತ್ತು ಕುಳಿತ.

ಆಗ ಮೂಲೆಯಲ್ಲಿ ಕುಳಿತು, ಸುಮಿತ್ರೆಗೆಂದು ರವಿಕೆ ಹೊಲಿಯುತ್ತಿದ್ದ ಶಿವಲೀಲಾ ತಲೆ ಎತ್ತಿದಳು. ನಮ್ಮ ಪಕ್ಕದ ಮನೆಯವಳು, ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಗಂಡನನ್ನು ಕಳೆದುಕೊಂಡು, ಅತ್ತೆ ಸಂಗವ್ವನ ಜೊತೆ ಇದ್ದಳು. ಬಣ್ಣ ಮಾಸಿದ ಸೀರೆ, ಬೋಳು ಹಣೆ. ಅವಳ ವಯಸ್ಸಾದರೂ ಎಷ್ಟು, ನನಗಿಂತ ಚಿಕ್ಕವಳು.

"ನಾ ಮಾಡ್ತೀನ್ರಿ," ಎಂದಳು. "ನಂದು ಹೋಗೂದು ಇನ್ನ ಏನೂ ಉಳದಿಲ್ಲ."

ಅವಳ ಮಾತಿನಲ್ಲಿ ಅಳುವಿರಲಿಲ್ಲ, ಲೆಕ್ಕ ಹೇಳಿದಂತೆ ಹೇಳಿದ್ದಳು. ಸಂಗವ್ವ ಒಪ್ಪುವಳೇ ಎಂಬುದೇ ನನ್ನ ಹೆದರಿಕೆ. ಸಂಗವ್ವನೆಂದರೆ ಓಣಿಯ ನಾಯಿಗಳೂ ದಾರಿ ಬಿಡುತ್ತಿದ್ದವು. ನಾನೇ ಹೋಗಿ ಕೇಳಿದೆ. ಮುದುಕಿ ಬಹಳ ಹೊತ್ತು ಜೋಳ ಹಸನು ಮಾಡುತ್ತಿದ್ದು, "ಆಟ ಐತಿ ಅಲ್ಲೇನು? ಆಡ್ಲಿ," ಎಂದಳು. ಅದು ಒಪ್ಪಿಗೆಯೋ ಸಿಟ್ಟೋ ನನಗೆ ತಿಳಿಯಲಿಲ್ಲ.

ಕತೆಯ ಕೊನೆಗೆ ವಿಧವೆಯಾಗಬೇಕಾದ ಸುಮಿತ್ರೆ ಅಲ್ಲಿಯವರೆಗೆ ಮುತ್ತೈದೆಯಾಗಿರಬೇಕಲ್ಲ! ಈ ಸಣ್ಣ ಸಂಗತಿ ನಮಗಾರಿಗೂ ಹೊಳೆದಿರಲಿಲ್ಲ. ಮೊದಲ ದಿನ ನಾನೇ ಅವಳ ಹಣೆಗೆ ಕುಂಕುಮವಿಟ್ಟು, ಕೈಗೆ ಹಸಿರು ಬಳೆ ತೊಡಿಸಿ, ಮಲ್ಲಿಗೆ ಮುಡಿಸಿದೆ. ಹೂವಿನ ದಂಡೆ ಕುತ್ತಿಗೆಗೆ ತಾಗಿದಾಗ ಅವಳ ಮೈ ಜುಮ್ಮೆಂದದ್ದು ನನ್ನ ಕೈಗೇ ಗೊತ್ತಾಯಿತು. ಕನ್ನಡಿ ಕೊಟ್ಟರೆ ನೋಡಿಕೊಳ್ಳಲಿಲ್ಲ. ನಾವೆಲ್ಲ ಬೇರೆ ಕಡೆ ತಿರುಗಿದ ಮೇಲೆ ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ? ಬಿಸಿಲಿಗೆ ಬೆಂದ ಊರು ಸಂಜೆಯಾಗುತ್ತಲೇ ಟಿ.ವಿ.ಗಳನ್ನು ಕಟ್ಟೆಗೆ ತಂದಿಟ್ಟುಕೊಳ್ಳುತ್ತಿತ್ತು. ನೀರು ಚಿಮುಕಿಸಿದ ಅಂಗಳ, ಹೆಚ್ಚಿದ ಮಾವಿನಕಾಯಿ, ಮಕ್ಕಳ ಗಲಾಟೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಹೋದರೂ ಸುಮಿತ್ರೆಯ ಒಂದು ಮಾತೂ ತಪ್ಪುತ್ತಿರಲಿಲ್ಲ, ಪ್ರತಿ ಮನೆಯಿಂದಲೂ ಅದೇ ದನಿ ಕೇಳುತ್ತಿತ್ತು. ತಂತಿಯ ಮೇಲೆ ಸೀರೆ ಹರವುವುದನ್ನು ಹೆಂಗಸರು ತಾವಾಗಿಯೇ ನಿಲ್ಲಿಸಿದರು. ಯಾರಾದರೂ ಮರೆತು ಹರವಿದರೆ ಮೇಲೆ ಹತ್ತಿ ಎಳೆದು ಹಾಕಲು ಓಣಿಯವರೇ ಸಾಕಾಗುತ್ತಿದ್ದರು. ರುದ್ರಮುನಿಗೆ ಕೂಗುವ ಕೆಲಸ ತಪ್ಪಿತು.

ಶಿವಲೀಲಾ ನಟಿಸುತ್ತಿದ್ದಳು ಎಂದರೆ ಸುಳ್ಳಾದೀತು. ಅವಳು ಸಂಸಾರ ಮಾಡುತ್ತಿದ್ದಳು. ಪಂಪಣ್ಣ ಮಾತು ಮರೆತು ಬೆಪ್ಪಾಗಿ ನಿಂತರೆ, "ಹಸದು ಬಂದೀರಿ, ಮೊದಲ ಉಣ್ರಿ" ಎಂದು ಅವಳೇ ತಟ್ಟೆ ಇಡುತ್ತಿದ್ದಳು. ನಾನು ಬರೆಯದ ಮಾತುಗಳೇ ಎಲ್ಲಕ್ಕಿಂತ ಚೆನ್ನಾಗಿರುತ್ತಿದ್ದವು. ಅವಳು ನಗುವುದನ್ನು ಊರು ನೋಡಿದ್ದೇ ಆಗ. ಬಾವಿಯ ಹತ್ತಿರ ಅವಳನ್ನು "ಸುಮಿತ್ರಾ" ಎಂದು ಕರೆಯತೊಡಗಿದರು. ಆದರೆ ದಿನದ ಕೆಲಸ ಮುಗಿದೊಡನೆ ಅವಳು ಬಳೆ ಕಳಚಿ, ಹೂ ತೆಗೆದಿಟ್ಟು, ಸೆರಗಿನಿಂದ ಹಣೆ ಒರೆಸಿಕೊಂಡೇ ಮನೆಗೆ ಹೊರಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಬೆಂಚು ಸರಿಸುವ ನೆಪ ಮಾಡುತ್ತಿದ್ದೆ.

ಸಂಗವ್ವನ ಮನೆಯಲ್ಲಿ ಟಿ.ವಿ. ಇರಲಿಲ್ಲ. ಸೊಸೆಯನ್ನು ಮನೆಯಲ್ಲಿ ಬಿಟ್ಟು ಅವಳೊಬ್ಬಳೇ ನಮ್ಮಲ್ಲಿಗೆ ಬಂದು, ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ಕುಳಿತುಕೊಳ್ಳುವಳು. ಸುಮಿತ್ರೆ ಕಂಡಾಗ ರೆಪ್ಪೆ ಬಡಿಯುತ್ತಿರಲಿಲ್ಲ. ಮುಗಿದೊಡನೆ ಒಂದು ಮಾತೂ ಆಡದೆ ಎದ್ದು ಹೋಗುವಳು. ಎಂದಾದರೊಂದು ದಿನ ಈ ಮೌನ ಸಿಡಿದು ಹುಡುಗಿಯ ಮೇಲೆ ಬೀಳುತ್ತದೆಂದೇ ನಾನು ಎಣಿಸಿದ್ದೆ.

ಕೊನೆಗೆ ಗಂಡ ಸಾಯುವ ದಿನ ಬಂತು. ಶಾಲೆ ತೆರೆಯುವ ಮುಂಚೆ ಕತೆ ಮುಗಿಯಲೇಬೇಕಿತ್ತು. ಪಂಪಣ್ಣನ ಫೋಟೋಕ್ಕೆ ಮಾಲೆ ಹಾಕಿ ತೋರಿಸುವುದೆಂದು ಮೊದಲು ನಿಶ್ಚಯವಾಗಿತ್ತು. ಅದು ಅವನ ಹೆಂಡತಿಯ ಕಿವಿಗೆ ಬಿದ್ದದ್ದೇ ತಡ, ಅವಳು ಶಾಲೆಯ ಬಾಗಿಲಿಗೇ ಬಂದು, "ನನ್ನ ಗಂಡಗ ಮಾಲಿ ಹಾಕಿ ನೋಡ್ರಿ, ನಿಮ್ಮ ಕ್ಯಾಮೆರಾ ಬಾವ್ಯಾಗ ಇರತೈತಿ!" ಎಂದು ಹೇಳಿ ಹೋದಳು. ಫೋಟೋ ಇಲ್ಲ, ಹೆಣವಂತೂ ಇಲ್ಲವೇ ಇಲ್ಲ. ಸತ್ತ ಸುದ್ದಿ ಬರುತ್ತದೆ, ಸುಮಿತ್ರೆ ಕುಂಕುಮ ಒರೆಸಿಕೊಳ್ಳುತ್ತಾಳೆ, ಅಷ್ಟೇ ಎಂದು ತೀರ್ಮಾನಿಸಿದೆವು. ಸಾವಿನ ಇಡೀ ಭಾರ ಶಿವಲೀಲಾಳ ಹಣೆಯ ಮೇಲೆ ಬಿತ್ತು.

ಕ್ಯಾಮೆರಾ ಓಡಿತು. ಅವಳ ಕೈ ಮೇಲೆದ್ದು, ಹುಬ್ಬಿನ ತನಕ ಹೋಗಿ, ನಿಂತುಬಿಟ್ಟಿತು. ಮತ್ತೆ ತೆಗೆದರು, ಮತ್ತೆ ನಿಂತಿತು. ದಿನಾ ಸಂಜೆ ತಾನಾಗಿ ಒರೆಸಿಕೊಳ್ಳುತ್ತಿದ್ದ ಕೈ ಅದೇ. ಆದರೆ ನಾಳೆ ಮತ್ತೆ ಇಡುವುದುಂಟು ಎಂದು ಅದಕ್ಕೆ ಗೊತ್ತಿತ್ತು. ಈ ಸಲ ಒರೆಸಿದರೆ ಮುಗಿಯಿತು.

"ಅಕ್ಕಾರ, ನನ್ನ ಕೈಲೆ ಆಗೂದಿಲ್ಲ," ಎಂದಳು.

ರುದ್ರಮುನಿ ಬೆವರು ಒರೆಸಿಕೊಂಡ. "ಹೋಗೂದು ಏನೂ ಉಳದಿಲ್ಲ ಅಂತ ನೀನ ಅಂದಿದ್ದಿ ಅಲ್ಲವಾ?"

"ಆವಾಗ ಇರಲಿಲ್ಲರೀ," ಎಂದಳು ಶಿವಲೀಲಾ. "ಈಗ ಐತಿ."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ಸಂಗವ್ವ! ಇವತ್ತು ನಿನ್ನ ಸೊಸೆಯ ಗಂಡ ಸಾಯುತ್ತಾನಂತೆ ಎಂದು ಬಾವಿಯ ಹತ್ತಿರ ಯಾರೋ ಹೇಳಿದ್ದರಂತೆ. ಬಿಸಿಲಿನಲ್ಲಿ ಬರಿಗಾಲಲ್ಲಿ ಬಂದ ಮುದುಕಿ ಏದುಸಿರು ಬಿಡುತ್ತ ನೇರವಾಗಿ ಕ್ಯಾಮೆರಾದ ಮುಂದೆ ನಿಂತಳು. ಶಿವಲೀಲಾ ಗಾಬರಿಯಿಂದ ಎದ್ದು ಹಣೆಗೆ ಸೆರಗು ಒಯ್ದಳು. ಸಂಗವ್ವ ಆ ಕೈ ಹಿಡಿದುಕೊಂಡಳು.

"ಏ ರುದ್ರಮುನಿ, ನನ್ನ ಮಗ ಒಮ್ಮೆ ಸತ್ತಾನ. ಆವತ್ತ ಇಕಿ ಹಣಿ ಒರಿಸಿದಾಕಿ ನಾನ. ಇದ ಕೈಲೆ ಒರಿಸೀನಿ. ಹಡದ ಹೊಟ್ಟಿ ಉರಿಯಾಗ ಇಕಿ ಮಾರಿ ನನಗ ಕಾಣಲಿಲ್ಲ. ಈ ಬ್ಯಾಸಗ್ಯಾಗ ನೋಡೀನಿ. ದಿನಾ ನಿನ್ನ ಪೆಟಿಗ್ಯಾಗ ನೋಡೀನಿ, ಇಕಿ ಹೆಂಗ ನಗತಾಳ ಅಂತ. ಇನ್ನೊಮ್ಮೆ ಒರಿಸೂದು ನೋಡೂದು ನನ್ನ ಕೈಲೆ ಆಗೂದಿಲ್ಲೋ ಯಪ್ಪಾ."

"ಅವ್ವಾರ, ಕತಿ ಹಂಗ ಐತಿ…"

"ಕತಿ ಬರದಾಕಿ ಇಲ್ಲೇ ಕುಂತಾಳಲ್ಲ. ಆಕಿಗೆ ಕೈ ಇಲ್ಲೇನು?"

ಎಲ್ಲರೂ ನನ್ನತ್ತ ತಿರುಗಿದರು. ನಾನು ಅಲ್ಲೇ ನೆಲದ ಮೇಲೆ ಕುಳಿತು ಬೇರೆ ಕೊನೆ ಬರೆದೆ. ಬಂದ ಸುದ್ದಿ ಸುಳ್ಳು, ಗಂಡ ಊರಿಗೆ ಬರುತ್ತಿದ್ದಾನೆ, ಸುಮಿತ್ರೆ ಬಾಗಿಲಿನಲ್ಲಿ ನಿಂತು ದಾರಿ ನೋಡುತ್ತಿದ್ದಾಳೆ. ಪಂಪಣ್ಣನಿಗೆ ಮರುಜನ್ಮ ಬಂದಂತಾಯಿತು. ಆ ಸಂಜೆ ಅಳಲೆಂದೇ ತಯಾರಾಗಿ ಕುಳಿತಿದ್ದ ಹೆಂಗಸರು ಕಣ್ಣೀರು ಹಾಕಿದ್ದೂ ನಿಜ, ಆದರೆ ಅದು ಬೇರೆಯ ಕಣ್ಣೀರು. ಆ ಟೇಪುಗಳ ಮೇಲೆ ಮುಂದೆ ಯಾರ ಯಾರದೋ ಮದುವೆಗಳು ಅಚ್ಚಾದವು. ಸುಮಿತ್ರೆ ಈಗ ಎಲ್ಲಿಯೂ ಇಲ್ಲ.

ಅದಕ್ಕೆ ನನಗೆ ವ್ಯಥೆಯಿಲ್ಲ. ಅಂದು ಚಿತ್ರೀಕರಣ ಮುಗಿದ ಮೇಲೆ ಕಂಡದ್ದು ಯಾವ ಟೇಪಿನಲ್ಲೂ ಇರಲಿಲ್ಲ, ನನ್ನ ಬಳಿ ಮಾತ್ರ ಇದೆ. ಶಿವಲೀಲಾ ಎಂದಿನಂತೆ ಬಳೆ ಕಳಚಲು ಕುಳಿತಾಗ ಸಂಗವ್ವ, "ಇರ್ಲಿ ಬಿಡು, ಹೊತ್ತಾತು," ಎಂದಳು.

"ಅತ್ತಿ, ಮಂದಿ ನೋಡ್ತಾರ."

"ಮಂದಿ ದಿನಾ ನೋಡ್ಯಾರ. ನೀ ಮುಂದ ನಡಿ."

ಶಾಲೆಯ ಬಾಗಿಲಲ್ಲಿ ನಿಂತು ನಾನು ನೋಡಿದೆ. ಹೊರಟವರಿಗೆ ಅಪಶಕುನವಾಗಬಾರದೆಂದು ಶಿವಲೀಲಾ ಯಾವಾಗಲೂ ಅತ್ತೆಯ ಬೆನ್ನ ಹಿಂದೆ, ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದವಳು. ಮುಂದೆ ನಡೆಯುವುದು ಅವಳಿಗೆ ಮರೆತೇಹೋಗಿತ್ತು. ಪೇಟೆಯ ನಟ್ಟನಡುವೆ, ಅಂಗಡಿಯವರೆಲ್ಲ ನೋಡುತ್ತಿರುವಂತೆ, ಅತ್ತೆ ಮುಂದಾಗಲೆಂದು ಅವಳು ಹೆಜ್ಜೆ ನಿಧಾನ ಮಾಡಿದಳು. ಸಂಗವ್ವ ಅದಕ್ಕಿಂತ ನಿಧಾನ ಮಾಡಿದಳು. ಹಾಗೆಯೇ ತಡೆದು ತಡೆದು ನಡೆಯುತ್ತ ಇಬ್ಬರೂ ಪೇಟೆ ದಾಟಿ ಓಣಿಗೆ ತಿರುಗಿದರು, ಮೊದಲು ಸೊಸೆ, ಆಮೇಲೆ ಅತ್ತೆ.