ಬೀಗದ ಮನೆಯ ರಂಗೋಲಿ

ಒಂದು ಮನೆಯ ಬಾಗಿಲು ತೊಳೆದು ರಂಗೋಲಿ ಹಾಕುವಷ್ಟರಲ್ಲೇ ನನ್ನ ಮಂಡಿಗಳು ಸಾಕಪ್ಪಾ ಎನ್ನುತ್ತವೆ. ತೊಂಬತ್ತೆಂಟರ ಆ ಬೇಸಿಗೆಯಲ್ಲಿ ನಾನು ಎರಡು ಮನೆಗೆ ಹಾಕುತ್ತಿದ್ದೆ.

ಎರಡನೆಯದು ಎದುರುಮನೆ. ಉಮಾಮಹೇಶ್ವರಿ ಮತ್ತು ಅವಳ ಗಂಡ ಮರುಳಸಿದ್ದಪ್ಪನವರದು. ಮಕ್ಕಳಿಲ್ಲ, ಜಯನಗರದಲ್ಲಿ ಒಂದು ಪಾತ್ರೆ ಅಂಗಡಿ, ಜೆ.ಪಿ. ನಗರದಲ್ಲಿ ಈ ಮನೆ. ದಾವಣಗೆರೆಯಲ್ಲಿ ಅವರಣ್ಣನ ಮನೆಯ ಗೃಹಪ್ರವೇಶವೆಂದು ಬೀಗದ ಕೈ ನನ್ನ ಕೈಗೆ ಕೊಟ್ಟು ಹೋಗಿದ್ದರು. ರಜೆಯ ಕಾಲ, ಬೀಗ ಹಾಕಿದ ಮನೆಗಳ ಮೇಲೇ ಕಳ್ಳರ ಕಣ್ಣು. ಹಿಂದಿನ ಕ್ರಾಸಿನವರು ವಿಲ್ಸನ್ ಗಾರ್ಡನ್ನಿಗೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಕಳ್ಳರು ದೇವರ ದೀಪದ ಕಂಬವನ್ನೂ ಬಿಡದೆ ಬಳಿದುಕೊಂಡು ಹೋಗಿದ್ದರು. ಬೀಟಿನ ಪೊಲೀಸಪ್ಪ ಬಂದವನು, “ಬಾಗ್ಲಲ್ಲಿ ರಂಗೋಲಿ ಇಲ್ಲ ಅಂದ್ರೆ ಬನ್ನಿ ಅಂತ ಕರ‍್ದಂಗೆ ಅಮ್ಮಾ” ಎಂದು ಹೇಳಿ ನಮ್ಮ ಮನೆಯ ಕಾಫಿ ಕುಡಿದು ಹೋದ.

ಅದಕ್ಕೇ ಉಮಾ ಎಲ್ಲ ಹೇಳಿಕೊಟ್ಟಿದ್ದಳು. ಬೆಳಿಗ್ಗೆ ರಂಗೋಲಿ, ಸಂಜೆ ವರಾಂಡದ ದೀಪ. ಬಾಗಿಲ ಬಳಿ ಯಜಮಾನರ ಚಪ್ಪಲಿ, ತಂತಿಯ ಮೇಲೆ ಅವರದೊಂದು ಶರ್ಟು. ಅದನ್ನು ಆಗಾಗ ನೆನೆಸಿ ಹಿಂಡಿ ಹಾಕಬೇಕು, ಇಲ್ಲದಿದ್ದರೆ ಒಂದೇ ಶರ್ಟು ಒಣಗುತ್ತಲೇ ಇದೆ ಎಂದು ಗೊತ್ತಾಗಿಬಿಡುತ್ತದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, “ನಿನಗ್ಯಾಕೇ ಊರಿನ ಉಸಾಬರಿ?” ಎಂದರು. ಅವರಿಗೇನು, ಬಗ್ಗಿ ಏಳುವವಳು ನಾನು.

ಗೃಹಪ್ರವೇಶದ ಮಾರನೇ ದಿನ ಫೋನು ಬಂತು. ಉಮಾಳ ದನಿ ಗುರುತೇ ಸಿಗಲಿಲ್ಲ.

“ಅಕ್ಕಾ, ಇವ್ರು ಹೋಗ್ಬಿಟ್ರು. ಎದೆನೋವು ಅಂದ್ರು, ಆಸ್ಪತ್ರೆ ಮುಟ್ಟೋಕೂ ಆಗ್ಲಿಲ್ಲ. ಮಣ್ಣು ಇಲ್ಲೇ ಮಾಡ್ತಾರೆ.”

ಅವಳು ಬಿಕ್ಕುತ್ತ ಮುಂದುವರಿಸಿದಳು.

“ಶಿವಗಣಾರಾಧನೆ ಮುಗಿಯೋವರ‍್ಗೂ ಬರೋಕಾಗಲ್ಲ. ಅಲ್ಲಿ ಯಾರಿಗೂ ಹೇಳ್ಬೇಡಿ ಅಕ್ಕ. ರಂಗೋಲಿ ನಿಲ್ಲಿಸ್ಬೇಡಿ. ಸಾವಿನ ಮನೆ, ಯಾರೂ ಇಲ್ಲ ಅಂತ ಗೊತ್ತಾದ್ರೆ ಬಾಗಿಲು ಒಡೀತಾರೆ. ಇನ್ಮೇಲೆ ನಂಗಿರೋದು ಆ ಮನೆ ಒಂದೇ.”

ಸತ್ತವರ ಮನೆಯ ಮುಂದೆ ಯಾರಾದರೂ ರಂಗೋಲಿ ಹಾಕುತ್ತಾರೆಯೇ? ಮಾರನೇ ಬೆಳಿಗ್ಗೆ ಹಾಕಿದೆ. ಎಳೆಗಳೆಲ್ಲ ಸೊಟ್ಟಗಾದವು. ಆಮೇಲೆ ಆ ಶರ್ಟನ್ನು ನೆನೆಸಿ ಹಿಂಡಿ ತಂತಿಗೆ ಹಾಕಿದೆ. ತೊಟ್ಟವರು ಮಣ್ಣಲ್ಲಿದ್ದಾರೆ, ನಾನಿಲ್ಲಿ ಕಾಲರು ಕೊಡವಿ ಕ್ಲಿಪ್ಪು ಸಿಕ್ಕಿಸುತ್ತಿದ್ದೇನೆ. ಎಂಥ ಕೆಲಸ ಒಪ್ಪಿಕೊಂಡೆನೋ ಎಂದು ನನ್ನ ಮೇಲೇ ರೇಗಿತು.

ಸೊಪ್ಪಿನ ನಾರಾಯಣಮ್ಮ ಬುಟ್ಟಿ ಇಳಿಸಿ, “ಸಾರ್ ಬಂದವ್ರಾ ಅಕ್ಕಾ? ಶರ್ಟ್ ಒಣಗಾಕಿದೀರ” ಎಂದಳು.

“ಬಂದಿದಾರೆ. ಒಳಗೆ ಮಲಗಿದಾರೆ.”

ಅವತ್ತು ನನಗೆ ಊಟ ಸೇರಲಿಲ್ಲ.

ಹೀಗೇ ದಿನ ನೂಕುತ್ತಿರುವಾಗ ಬನಶಂಕರಿಯಿಂದ ಸೋಮಲಿಂಗಪ್ಪ ಬಂದರು. ಉಮಾಳ ಕಡೆ ದೂರದ ನೆಂಟರು, ಸಮಾಜದ ಸಭೆಗಳಲ್ಲಿ ಮೈಕು ಬಿಡದ ಹಿರಿಯರು. ಸಾವಿನ ಸುದ್ದಿ ಕೇಳಿ, ಉಮಾ ವಾಪಸು ಬಂದಿರಬಹುದೆಂದು ಮಾತಾಡಿಸಲು ಬಂದವರು ರಂಗೋಲಿಯನ್ನೂ ಅದರ ಡಬ್ಬಿ ಹಿಡಿದಿದ್ದ ನನ್ನನ್ನೂ ನೋಡಿ ಗೇಟಿನಲ್ಲೇ ನಿಂತುಬಿಟ್ಟರು.

“ಏನಮ್ಮಾ ಇದು? ಮರುಳಸಿದ್ದಪ್ಪ ಸತ್ತು ಇನ್ನೂ ಮಣ್ಣು ಆರಿಲ್ಲ, ಬಾಗಿಲಿಗೆ ರಂಗೋಲಿ ಹಾಕಿದೀರಲ್ಲ! ನಾಚಿಕೆ ಆಗಲ್ವಾ?”

“ಮೆತ್ತಗೆ ಮಾತಾಡಿ ಸಾರ್, ಒಳಗೆ ಬನ್ನಿ.”

“ಇಂಥ ಬಾಗಿಲು ನಾನು ತುಳಿಯಲ್ಲ!”

“ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಸಭೇಲಿ ನೀವೇ ಗಂಟೆಗಟ್ಲೆ ಹೇಳ್ತೀರಲ್ಲ ಸಾರ್, ಅದು ಮೈಕಿಗೆ ಮಾತ್ರಾನಾ?” ಎಂದೆ. ಅವರು ಕೆಂಪಗಾಗಿ ಹೊರಟುಹೋದರು. ಬಾಯಿ ಮುಚ್ಚಿಸಿದ ಖುಷಿ ಒಂದು ಗಳಿಗೆಯೂ ಉಳಿಯಲಿಲ್ಲ. ಇಸ್ತ್ರಿ ಗಾಡಿಯವನು, ಪಕ್ಕದ ಸೈಟಿನಲ್ಲಿ ಗಾರೆ ಕಲೆಸುತ್ತಿದ್ದವರು, ನಾರಾಯಣಮ್ಮ, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಗುಟ್ಟು ರಟ್ಟಾಗಿತ್ತು. ಆ ಹೊತ್ತಿನಿಂದ ನನಗೆ ನಿಜವಾಗಿ ಭಯ ಹತ್ತಿತು.

ಎರಡು ದಿನ ಬಿಟ್ಟು ಸಂಜೆ ದೀಪ ಹಾಕಲು ಎದುರುಮನೆಯ ಬಾಗಿಲು ತೆಗೆದಿದ್ದೆ. ನೋಡಿದರೆ ಹಿಂದೆ ಒಬ್ಬ ಗೇಟು ದಾಟಿ ಬಂದು ನಿಂತಿದ್ದಾನೆ. ಕೈಯಲ್ಲಿ ಹೆಲ್ಮೆಟ್ಟು, ಕಣ್ಣು ಕಿಟಕಿಯ ಸರಳುಗಳ ಮೇಲೆ.

“ಮನೆ ಖಾಲಿ ಅಂತೆ ಆಂಟಿ, ಬಾಡಿಗೆಗೆ ಕೊಡ್ತಾರಾ?”

“ಖಾಲಿ ಅಂತ ಯಾರು ಹೇಳಿದ್ದು?”

“ಓನರ್ ತೀರ‍್ಕೊಂಡ್ರಂತಲ್ಲ.”

ಒಳಗೆ ತಿರುಗಿ ಇದ್ದಷ್ಟೂ ದನಿ ಎತ್ತಿ ಕೂಗಿದೆ. “ಮರುಳಸಿದ್ದಪ್ಪನೋರೇ! ಸ್ವಲ್ಪ ಹೊರಗೆ ಬನ್ನಿ, ಯಾರೋ ಬಂದಿದಾರೆ!”

ಖಾಲಿ ಮನೆಯೊಳಗೆ ಆ ಹೆಸರು ಗುಂಯ್ ಎಂದಿತು. ಅವನು ಚಪ್ಪಲಿ ನೋಡಿದ, ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ಶರ್ಟು ನೋಡಿದ, “ಬೇರೆ ಮನೆ ಇರ‍್ಬೇಕು” ಎಂದು ಗೊಣಗುತ್ತ ಹೋದ. ಕಳ್ಳನೋ, ಪಾಪ ಮನೆ ಹುಡುಕುವವನೋ, ಇವತ್ತಿಗೂ ಗೊತ್ತಿಲ್ಲ. ನಾನು ಮೆಟ್ಟಿಲ ಮೇಲೆ ಕೂತು, ತಪ್ಪಾಯ್ತಪ್ಪಾ ಎಂದು ಆ ಸತ್ತವರನ್ನು ಕೇಳಿಕೊಂಡೆ.

ಅಂದಿನಿಂದ ಅಲ್ಲಿಯ ಹಾಲಿನಲ್ಲೇ ಚಾಪೆ ಹಾಕಿಕೊಂಡೆ. ನಮ್ಮವರು ಮೊದಲು ಗೊಣಗಿದರು, ಆಮೇಲೆ ತಾವೂ ದಿಂಬು ಹಿಡಿದು ಬಂದರು. ನಿದ್ದೆ ಇಬ್ಬರಿಗೂ ಬರಲಿಲ್ಲ.

ಶಿವಗಣಾರಾಧನೆ ಮುಗಿಸಿ ಉಮಾ ಬಂದಳು. ದಾವಣಗೆರೆಯ ಭಾವ ಅವಳನ್ನು ಬಾಗಿಲವರೆಗೆ ಬಿಟ್ಟು, ಅಂಗಡಿ ನೋಡಿ ಬರುತ್ತೇನೆಂದು ಅದೇ ಆಟೋದಲ್ಲಿ ಹೋದರು. ಮನೆಯಲ್ಲಿ ಒಂದು ಚಮಚವೂ ಹೋಗಿರಲಿಲ್ಲ. ಅವಳು ಒಳಗೆ ಹೋಗದೆ ಬಾಗಿಲಲ್ಲಿ ಆ ಚಪ್ಪಲಿಗಳನ್ನು ನೋಡುತ್ತ ನಿಂತಳು. ಅವಳು ಬರುವ ಮುಂಚೆಯೇ ಎತ್ತಿಡಬೇಕಿತ್ತು, ನನಗೆ ಹೊಳೆಯಲೇ ಇಲ್ಲ. ಓಡಿಹೋಗಿ ಬಗ್ಗಿದೆ.

“ಬಿಡಿ ಅಕ್ಕ, ಇರ‍್ಲಿ.”

“ಬೇಡ ಉಮಾ, ನೋಡಿದಾಗೆಲ್ಲ ಸಂಕಟ.”

“ಇಷ್ಟು ದಿನ ಒಳಗೆ ಯಾರೂ ಇರ‍್ಲಿಲ್ಲ. ಹೋದ್ರೆ ಸಾಮಾನು ಹೋಗ್ತಿತ್ತು. ಇವತ್ತಿಂದ ನಾನೊಬ್ಳೇ ಇರ‍್ತೀನಲ್ಲ.”

ನಾನು ಬಗ್ಗಿದವಳು ಹಾಗೇ ನಿಂತೆ. ಕಾವಲು ಮುಗಿಯಿತು, ಇನ್ನು ಮಲಗಿ ನಿದ್ದೆ ಮಾಡಬಹುದು ಎಂದುಕೊಂಡಿದ್ದೆ. ಮುಗಿಯುವ ಕಾವಲಲ್ಲ ಇದು ಎಂದು ಆಗ ಅರ್ಥವಾಯಿತು.

ಉಮಾ ಕೂತು, ನಾನು ಜೋಡಿಸಿಟ್ಟಿದ್ದ ಚಪ್ಪಲಿಗಳಲ್ಲಿ ಒಂದನ್ನು ತಲೆಕೆಳಗು ಮಾಡಿ ಇನ್ನೊಂದರ ಮೇಲೆ ಅಡ್ಡ ಹಾಕಿದಳು.

“ಅವ್ರು ಯಾವತ್ತೂ ನೀಟಾಗಿ ಬಿಟ್ಟೋರಲ್ಲ ಅಕ್ಕ” ಎಂದಳು.