ಹಲ್ಲು ಜುಮ್ಮೆಂದ ಸಂಜೆ

ಟೈಲರಮ್ಮ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ನಿಂಬೆಹೋಳಿಗೆ ಉಪ್ಪು ಅದ್ದಿ ಹಲ್ಲಿಗೆ ತಿಕ್ಕುತ್ತಿದ್ದಾಗ ಮಗಳು ಬಾಗಿಲು ಬಡಿದಳು.

“ಅಮ್ಮಾ, ಒಳಗೇನು ಮಾಡ್ತಿದ್ದೀಯ?”

“ಸ್ನಾನ ಕಣೇ!”

“ನೀರಿನ ಸದ್ದೇ ಇಲ್ವಲ್ಲ?”

ಟೈಲರಮ್ಮ ಲಗುಬಗೆಯಿಂದ ನಲ್ಲಿ ತಿರುಗಿಸಿದಳು. ಐವತ್ತು ದಾಟಿದ ತಾಯಿ ತನ್ನ ಮದುವೆಗೆಂದು ಹಲ್ಲು ಬೆಳ್ಳಗೆ ಮಾಡಿಕೊಳ್ಳುತ್ತಿದ್ದಾಳೆಂದು ಗೊತ್ತಾದರೆ ಈ ಹುಡುಗಿ ಬೀದಿಗೆಲ್ಲ ಡಂಗುರ ಹೊಡೆಯುತ್ತಾಳೆ.

ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಚಹಾದ ಲೋಟ ಕಾಯಂ ಆಗಿ ಕೂತಿತ್ತು. ಆ ಕಡುಚಹಾ ಅವಳ ಹಲ್ಲನ್ನು ಹಳೇ ಗುಂಡಿಗಳ ಬಣ್ಣಕ್ಕೆ ತಂದಿತ್ತು. ಅವಳೂ ತಲೆ ಕೆಡಿಸಿಕೊಂಡವಳಲ್ಲ. ಆದರೆ ಎದುರಿನ ಗಡಿಯಾರದಂಗಡಿಯವರು, ಹರಿಯದೇ ಇದ್ದ ಅಂಗಿಯನ್ನೇ ಮತ್ತೆ ಮತ್ತೆ ರಿಪೇರಿಗೆ ತಂದು, ಕೊನೆಗೊಂದು ದಿನ “ನಾವಿಬ್ರೂ ಮದುವೆ ಆದ್ರೆ ಹೇಗೆ?” ಎಂದು ಕೇಳಿಯೇಬಿಟ್ಟರು. ಅವಳು ಹ್ಞೂಂ ಅಂದಳು. ಅಂದಿನಿಂದ ಕನ್ನಡಿ ಕಂಡರಾಗುತ್ತಿರಲಿಲ್ಲ.

ನಿಂಬೆ ತಿಕ್ಕಿದ ಆ ಸಂಜೆ ಅವಳೂ ಗಡಿಯಾರದವರೂ ಐಸ್‌ಕ್ರೀಮ್ ಅಂಗಡಿಗೆ ಹೋದರು. ಒಂದು ಚಮಚ ಬಾಯಿಗಿಟ್ಟದ್ದೇ ತಡ, ಮುಂದಿನ ಹಲ್ಲಿನಿಂದ ನೆತ್ತಿಯವರೆಗೆ ಮಿಂಚು ಹೊಡೆದಂತಾಯಿತು. ಅವಳು ಉಸಿರು ಬಿಗಿಹಿಡಿದು ನುಂಗಿದಳು. ಓರೆಗಣ್ಣಿನಿಂದ ನೋಡಿದರೆ ಅವರೂ ತಿನ್ನದೆ ಚಮಚ ತಿರುಗಿಸುತ್ತ ಕೂತಿದ್ದಾರೆ. ಮುಖ ಹರಳೆಣ್ಣೆ ಕುಡಿದಂತಿದೆ. ಮನಸ್ಸು ಬದಲಾಯಿತೇ? ಅವಳು ಚಮಚ ಕೆಳಗಿಟ್ಟಳು.

“ಹೇಳೋದೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ನಾನು ಬೇಜಾರು ಮಾಡ್ಕೊಳ್ಳಲ್ಲ.”

ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. “ನಗಬಾರ್ದು ಮತ್ತೆ.”

“ಇಲ್ಲ.”

“ಮದುವೆ ಫೋಟೋಗೆ ಅಂತ ಅಡಿಗೆ ಸೋಡಾಗೆ ನಿಂಬೆರಸ ಕಲಸಿ ಹಲ್ಲುಜ್ಜಿದೆ ಕಣ್ರೀ. ಈಗ ನೀರು ಕುಡಿದ್ರೂ ಜುಮ್ ಅನ್ನುತ್ತೆ.”

ಟೈಲರಮ್ಮ ಕಣ್ಣರಳಿಸಿದಳು. “ಸೋಡಾನೂ ಹಾಕಿದ್ರಾ? ನಾನು ಬರೀ ಉಪ್ಪು!”

ಒಂದು ಕ್ಷಣ ಇಬ್ಬರೂ ಪಿಳಿಪಿಳಿ ನೋಡಿದರು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಪಕ್ಕದ ಮೇಜಿನವರು ಕತ್ತು ತಿರುಗಿಸಿದರು. ಐಸ್‌ಕ್ರೀಮ್ ಬಟ್ಟಲಲ್ಲೇ ಹಾಲಾಯಿತು.

ವಿಷಯ ಕೇಳಿದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಮರುದಿನವೇ ಇಬ್ಬರನ್ನೂ ಹಲ್ಲಿನ ಡಾಕ್ಟರಮ್ಮನ ಮುಂದೆ ಕೂರಿಸಿದಳು.

“ಮದುವೆಗೆ ಮುಂಚೇನೇ ಇಷ್ಟು ಹೊಂದಾಣಿಕೆನಾ!” ಎಂದರು ಡಾಕ್ಟರಮ್ಮ. “ನಿಂಬೆಹುಳಿ ಹಲ್ಲಿನ ಮೇಲ್ಪದರಾನೇ ತಿನ್ನುತ್ತೆ. ಸವೆದದ್ದು ಮತ್ತೆ ಬೆಳೆಯಲ್ಲ. ಈಗ ಮೆತ್ತನೆ ಬ್ರಷ್, ನಾನು ಕೊಡೋ ಪೇಸ್ಟು, ಹಗುರ ಕೈ. ಜುಮ್ ಅನ್ನೋದು ನಿಂತ ಮೇಲೆ ಕ್ಲೀನ್ ಮಾಡಿ, ನಿಮ್ಮ ಹಲ್ಲಿನ ಅಳತೆಗೇ ಅಚ್ಚು ಮಾಡಿಸಿ ಕೊಡ್ತೀನಿ. ಅದಕ್ಕೆ ಬಿಳುಪು ಮಾಡೋ ಜೆಲ್ ಚೂರೇ ಚೂರು ಹಾಕಿ, ಮನೇಲೇ ಹಲ್ಲಿನ ಮೇಲೆ ಕೂರಿಸ್ಕೊಳ್ಳಿ. ಒಸಡಿಗೆ ತಗಲಿದ್ರೆ ಒರೆಸ್ಕೊಳ್ಳಿ, ನೋವಾದ್ರೆ ನಿಲ್ಲಿಸಿ. ಹಾಲಿನಂಥ ಬಿಳುಪೇನೂ ಬರಲ್ಲ. ಒಂದಿಷ್ಟು ತಿಳಿಯಾಗುತ್ತೆ, ಅಷ್ಟೇ.”

“ಹಾಗಾದ್ರೆ ಮದುವೆ ಹೊತ್ತಿಗೆ ಆಗಲ್ವಾ?” ಗಡಿಯಾರದವರು ಸಪ್ಪಗಾದರು. “ದಿನ ಮುಂದಕ್ಕೆ ಹಾಕೋಣ್ವಾ?”

“ಹಲ್ಲಿಗೋಸ್ಕರನಾ?” ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಮದುವೆ ಆಗ್ತಿರೋದು ನಾನು, ನನ್ನ ಹಲ್ಲಲ್ಲ!”

ಮದುವೆ ಅಂದುಕೊಂಡ ದಿನವೇ ನಡೆಯಿತು. ಹಳೇ ಗುಂಡಿಯ ಬಣ್ಣದ ಹಲ್ಲಲ್ಲೇ ಇಬ್ಬರೂ ಬಾಯ್ತುಂಬ ನಕ್ಕರು. “ಸ್ವಲ್ಪ ಕಣ್ಣೂ ಬಿಡಿ” ಎಂದು ಫೋಟೋದವನು ಕೂಗಿ ಕೂಗಿ ಸೋತ.

ಅಚ್ಚುಗಳು ಬಂದದ್ದು ಆಮೇಲೆ. ಬಾಯಲ್ಲಿ ಅದಿದ್ದಷ್ಟು ಹೊತ್ತು ಮಾತು ಬಂದ್. ಅವಳು ಮಷಿನ್ನಿನ ಮುಂದೆ ಕೂತಳು. ಪಕ್ಕದಲ್ಲಿ ಅವರು ಯಾರದೋ ಕೈಗಡಿಯಾರ ಬಿಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಅವರು ತುಟಿ ಮುಚ್ಚಿಕೊಂಡೇ ಯಾವುದೋ ರಾಗ ಗುನುಗತೊಡಗಿದರು. ಶ್ರುತಿಯ ಗಂಧವಿಲ್ಲದ ರಾಗ. ಅವಳು ಪೆಡಲ್‌ ಮೇಲಿನ ಕಾಲು ನಿಧಾನ ಮಾಡಿ ಕೇಳಿಸಿಕೊಂಡಳು. ಆಮೇಲೆ ಮೂಗಿನಲ್ಲೇ ತಾನೂ ಸೇರಿಕೊಂಡು, ಬಟ್ಟೆಯನ್ನು ಮೆಲ್ಲಗೆ ಸೂಜಿಯ ಕೆಳಗೆ ಸರಿಸಿದಳು.